ರಂಜಾನ್ ತಿಂಗಳೂ ನೆರೆಮನೆಯೂ

ನಮ್ಮ ನಾಡಿನ ಗೋಡೆಯ ಕ್ಯಾಲೆಂಡರುಗಳಲ್ಲಿ ವರ್ಷಕ್ಕೊಂದು ದಿನದ ಕೆಳಗೆ ‘ರಂಜಾನ್’ ಎಂದು ಅಚ್ಚಾಗಿರುವುದನ್ನು ವಾಚಕರೆಲ್ಲರೂ ಬಲ್ಲರು. ಇದನ್ನು ನೋಡಿ ರಂಜಾನ್ ಎಂಬುದು ಆ ಒಂದು ದಿನದ ಹೆಸರೆಂದೇ ಭಾವಿಸಿರುವ ಮನೆಗಳು ಅನೇಕವಾಗಿವೆ. ವಸ್ತುತಃ ಅದು ಮುಸಲ್ಮಾನರ ಹಿಜರಿ ಶಕದ ಒಂಬತ್ತನೆಯ ತಿಂಗಳ ಹೆಸರು. ಕ್ಯಾಲೆಂಡರಿನ ಕೆಂಪಕ್ಷರದ ದಿನವಾದರೋ ಆ ತಿಂಗಳು ಕಳೆದ ಮರುದಿನ. ಅದಕ್ಕೆ ಈದ್-ಉಲ್-ಫಿತ್ರ್, ಎಂದರೆ ಉಪವಾಸ ಬಿಡುವ ಹಬ್ಬ, ಎಂದು ಹೆಸರು. ಹಬ್ಬದಂದು ನೆರೆಮನೆಯಿಂದ ಬಂದ ಬಟ್ಟಲನ್ನು ಸವಿದವರು ಬಹುಮಂದಿ. ಅದರ ಹಿಂದಿನ ಒಂದು ತಿಂಗಳ ವಿಷಯವನ್ನು ವಿಚಾರಿಸಿದವರು ವಿರಳ. ಒಂದೇ ಗೋಡೆಯ ಆಚೆಯೀಚೆ ಇಪ್ಪತ್ತು ವರ್ಷ ಬಾಳಿದವರಿಗೂ ಪರಸ್ಪರರ ವ್ರತನಿಯಮ ತಿಳಿಯದಿರುವುದು ದೊಡ್ಡ ಕೊರತೆಯೆಂದೇ ನಮ್ಮ ಅಭಿಪ್ರಾಯ. ಅದರಿಂದಾಗುವ ತೊಂದರೆಯು ಬರಿಯ ಮುಜುಗರದಷ್ಟೇ ಅಲ್ಲವೆಂಬುದನ್ನು ಮುಂದೆ ಹೇಳುವೆವು.

ಮೊದಲು ಕಾಲದ ಮಾತು. ನಮ್ಮ ಪಂಚಾಂಗವೂ ಚಂದ್ರನನ್ನೇ ಅನುಸರಿಸುವುದಾದರೂ, ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸವೊಂದನ್ನು ಸೇರಿಸಿಕೊಂಡು ಸೂರ್ಯನ ಜೊತೆ ಲೆಕ್ಕ ಸರಿಮಾಡಿಕೊಳ್ಳುವುದು. ಆದಕಾರಣ ಯುಗಾದಿಯು ಎಂದಿಗೂ ಮಳೆಗಾಲಕ್ಕೆ ಬೀಳದು. ಇಸ್ಲಾಮಿನಲ್ಲಿ ಹಾಗೆ ತಿಂಗಳು ಸೇರಿಸುವುದನ್ನು ಕುರಾನೇ ನಿಷೇಧಿಸಿದೆ. ಅವರ ವರ್ಷಕ್ಕೆ 354 ಅಥವಾ 355 ದಿನ. ರಂಜಾನ್ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುವುದು. 2016ರಲ್ಲಿ ಅದು ಜೂನ್ ತಿಂಗಳಲ್ಲಿ ಮೊದಲಾಯಿತು. 2025ರಲ್ಲಿ ಮಾರ್ಚಿಗೆ ಬಂದಿತು. 2030ರಲ್ಲಿ ಜನವರಿಯ ಮೊದಲಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲಿ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಬರಲಿದೆ. ಹೀಗೆ ಅರುವತ್ತು ಎಪ್ಪತ್ತು ವರ್ಷ ಬಾಳಿದವನು ಸುಡುಬೇಸಗೆಯ ಉಪವಾಸವನ್ನೂ ಮಾಗಿಯ ಉಪವಾಸವನ್ನೂ ಎರಡೆರಡು ಬಾರಿ ಕಂಡಿರುತ್ತಾನೆ.

ತಿಂಗಳ ಮೊದಲೂ ಕೊನೆಯೂ ಗೊತ್ತಾಗುವುದು ಬಾಲಚಂದ್ರನ ದರ್ಶನದಿಂದ. ಇಪ್ಪತ್ತೊಂಬತ್ತನೆಯ ದಿನದ ಸಂಜೆ ಚಂದ್ರನು ಕಂಡರೆ ಮರುದಿನ ಹಬ್ಬ; ಕಾಣದಿದ್ದರೆ ಮೂವತ್ತು ದಿನ ತುಂಬಿಸತಕ್ಕದ್ದು. ಊರೂರಿಗೆ ಇದರಲ್ಲಿ ವ್ಯತ್ಯಾಸವೂ ಉಂಟು. 2024ರಲ್ಲಿ ಕೇರಳದವರೊಡನೆ ನಮ್ಮ ದಕ್ಷಿಣ ಕನ್ನಡದವರು ಏಪ್ರಿಲ್ 10ರಂದು ಹಬ್ಬ ಮಾಡಿದರು. ಬೆಂಗಳೂರಿನವರು 11ರಂದು ಮಾಡಿದರು. ‘ರಜೆ ನಾಳೆಯೋ ನಾಡಿದ್ದೋ’ ಎಂದು ಕೇಳಿದ ಕೆಲಸದಾಳಿನ ಮೇಲೆ ಯಜಮಾನರು ಸಿಡಿಮಿಡಿಗೊಳ್ಳುವುದುಂಟು. ಆದರೆ ಅದಕ್ಕೆ ಉತ್ತರ ಆಳಿನಲ್ಲಿಲ್ಲ, ಪಡುವಣ ಆಕಾಶದಲ್ಲಿದೆ.

ಉಪವಾಸವು ಕಡ್ಡಾಯವಾದದ್ದು ಹಿಜರಿಯ ಎರಡನೆಯ ವರ್ಷ, ಎಂದರೆ ಕ್ರಿ.ಶ. 624ರಲ್ಲಿ. ಕುರಾನು ಅವತರಿಸತೊಡಗಿದ್ದು ಈ ತಿಂಗಳಲ್ಲೇ ಎಂಬ ನಂಬಿಕೆಯಿಂದ ರಾತ್ರಿಯ ತರಾವೀಹ್ ಪ್ರಾರ್ಥನೆಯಲ್ಲಿ ಆ ಗ್ರಂಥವನ್ನು ಆದ್ಯಂತವಾಗಿ ಓದಿಸುವ ಪದ್ಧತಿ ಬಹಳ ಮಸೀದಿಗಳಲ್ಲಿದೆ. ಉಪವಾಸಕ್ಕೆ ಪಾರಸಿಯಿಂದ ಬಂದ ‘ರೋಜಾ’ ಎಂಬ ಹೆಸರು ನಮ್ಮಲ್ಲಿ ರೂಢಿಯಾಗಿದೆ. ಮಲೆಯಾಳ ತಮಿಳುಗಳ ಮುಸಲ್ಮಾನರು ‘ನೋಂಬು’ ಎನ್ನುವರು. ಇದು ನಮ್ಮ ಹಳಗನ್ನಡದ ‘ನೋಂಪಿ’ಯ ಒಡಹುಟ್ಟೇ ಆಗಿದೆ. ನಿಯಮವು ಮಾತ್ರ ನಮ್ಮ ಏಕಾದಶಿಗಿಂತ ಬೇರೆ ಬಗೆಯದು. ಫಲಾಹಾರವಿಲ್ಲ, ಹಾಲಿಲ್ಲ, ತೊಟ್ಟು ನೀರೂ ಇಲ್ಲ. ಇದು ನಡೆಯುವುದು ಅರುಣೋದಯದಿಂದ ಸೂರ್ಯಾಸ್ತದವರೆಗೆ, ಸೂರ್ಯೋದಯದಿಂದಲ್ಲವೆಂಬುದನ್ನು ಗಮನಿಸತಕ್ಕದ್ದು. ಬೆಂಗಳೂರಿನಲ್ಲಿ ಋತುವನ್ನನುಸರಿಸಿ ಹನ್ನೆರಡೂವರೆಯಿಂದ ಹದಿನಾಲ್ಕು ಗಂಟೆಗಳಷ್ಟು ಕಾಲ ಇದು ನಡೆಯುವುದು. ದಂಪತಿಗಳ ಸಂಗವೂ ಹಗಲಿನಲ್ಲಿ ನಿಷಿದ್ಧ. ಸುಳ್ಳು, ಚಾಡಿ, ಜಗಳಗಳು ಉಪವಾಸದ ಫಲವನ್ನೇ ಕೆಡಿಸುವುವೆಂದು ಹೇಳಿದೆ.

ಇದರ ಭಾರವು ಯಾರ ಮೇಲೆ ಹೆಚ್ಚಾಗಿ ಬೀಳುವುದೆಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಬೆಳಗಿನ ಸಹರಿಯೂಟಕ್ಕಾಗಿ ಮೂರೂವರೆ ನಾಲ್ಕು ಗಂಟೆಗೆ ಒಲೆ ಹೊತ್ತಿಸುವವಳು ಆಕೆ. ಸಂಜೆ ಇಫ್ತಾರಿಗೆಂದು ಬಾಯಾರಿದ ಗಂಟಲಿನಲ್ಲಿ ಗಂಜಿ ಕುದಿಸುವವಳೂ ಆಕೆಯೇ. ಉಪ್ಪು ಸರಿಯಾಯಿತೇ ಎಂದು ನೋಡಬೇಕಾದರೆ ನಾಲಗೆಯ ತುದಿಗೆ ಸೋಕಿಸಿ ಉಗುಳಿಬಿಡಲು ಪಂಡಿತರು ಅವಕಾಶ ಕೊಟ್ಟಿದ್ದಾರೆ, ನುಂಗಲಾಗದು. ಅಂದಾಜಿನಿಂದಲೇ ಉಪ್ಪು ಹಾಕಿ ಗೆಲ್ಲುವವರು ಹಲವರಿದ್ದಾರೆ. ಸೂರ್ಯಾಸ್ತವಾದೊಡನೆ ಖರ್ಜೂರದಿಂದಲೋ ನೀರಿನಿಂದಲೋ ಉಪವಾಸ ಬಿಡುವರು. ಪೇಟೆಯ ಬೀದಿಗಳಲ್ಲಿ ಕರಿದ ತಿಂಡಿಗಳ ಸಂತೆ ನೆರೆಯುವುದೂ ಆಗಲೇ. ಅದನ್ನು ನೋಡಲು ಹೋದವರಿಗೆ ರಂಜಾನ್ ಎಂದರೆ ತಿನ್ನುವ ತಿಂಗಳೆಂದು ತೋರಿದರೆ ಆಶ್ಚರ್ಯವಿಲ್ಲ.

ಇನ್ನು ಮುಖ್ಯವಾದ ವಿಷಯ. ರೋಗಿಗೂ ಪ್ರಯಾಣಿಕನಿಗೂ ಕುರಾನಿನಲ್ಲಿಯೇ ವಿನಾಯಿತಿಯಿದೆ: ಆ ದಿನಗಳನ್ನು ಎಣಿಸಿಟ್ಟುಕೊಂಡು ಆಮೇಲೆ ತೀರಿಸಬಹುದು. ಇನ್ನೆಂದೂ ತೀರಿಸಲಾರದ ವೃದ್ಧರೂ ದೀರ್ಘರೋಗಿಗಳೂ ದಿನಕ್ಕೊಬ್ಬ ಬಡವನಿಗೆ ಅನ್ನವಿಕ್ಕಿದರೆ ಸಾಕು. ಗರ್ಭಿಣಿಯೂ ಮೊಲೆಯೂಡುವ ತಾಯಿಯೂ ತಮಗೋ ಮಗುವಿಗೋ ಕೇಡೆಂದು ಕಂಡರೆ ಬಿಡಬಹುದು. ಪ್ರಾಯಕ್ಕೆ ಬಾರದ ಮಕ್ಕಳಿಗೆ ಕಟ್ಟಳೆಯೇ ಇಲ್ಲ. ಇಷ್ಟಿದ್ದರೂ ಮಧುಮೇಹವುಳ್ಳ ಹಿರಿಯರು ‘ಇಷ್ಟು ವರ್ಷ ತಪ್ಪಿಸಿಲ್ಲ’ ಎಂಬ ಅಭಿಮಾನದಿಂದ ಹಟ ಹಿಡಿಯುವುದುಂಟು. ಔಷಧಿಯ ಹೊತ್ತನ್ನು ಬದಲಿಸದೆ ಉಪವಾಸವಿದ್ದರೆ ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿದು ಎಚ್ಚರದಪ್ಪುವ ಸಂಭವವಿದೆ. ಸೂಜಿಯಿಂದ ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ಉಪವಾಸ ಮುರಿಯುವುದಿಲ್ಲವೆಂಬುದೇ ಬಹುಮಂದಿ ಪಂಡಿತರ ಮತ. ರಂಜಾನಿಗೆ ಒಂದೆರಡು ತಿಂಗಳ ಮುಂಚೆಯೇ ವೈದ್ಯರನ್ನು ಕಾಣುವುದು ಒಳಿತು. ಇಂಥವರು ತಲೆಸುತ್ತಿ ಕುಳಿತದ್ದನ್ನು ಕಂಡ ನೆರೆಯವರು ‘ವ್ರತ ಕೆಟ್ಟೀತು’ ಎಂದು ಹಿಂಜರಿಯತಕ್ಕದ್ದಲ್ಲ. ಎಚ್ಚರವಿದ್ದು ನುಂಗಬಲ್ಲವರಾದರೆ ಕೂಡಲೇ ಸಕ್ಕರೆ ನೀರು ಕೊಡಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೇನನ್ನೂ ಹಾಕದೆ ವೈದ್ಯರಲ್ಲಿಗೆ ಒಯ್ಯಬೇಕು. ಪ್ರಾಣಾಪಾಯದಲ್ಲಿ ಉಪವಾಸ ಮುರಿಯುವುದು ಅವರ ಶಾಸ್ತ್ರಕ್ಕೆ ಸಮ್ಮತವೇ ಆಗಿದೆ.

ಹಬ್ಬದ ಒಂದು ಕಟ್ಟಳೆಯು ನಮಗೆ ಬಹಳ ಹಿಡಿಸಿತು. ವರ್ಷವೊಂದು ತಮ್ಮಲ್ಲುಳಿದ ಹಣ ಬಂಗಾರಗಳಲ್ಲಿ ನೂರಕ್ಕೆ ಎರಡೂವರೆಯಂತೆ ಕೊಡುವ ಜಕಾತ್ ಉಳ್ಳವರಿಗೆ ಸಂಬಂಧಿಸಿದ್ದು. ಬಹುಮಂದಿ ಅದನ್ನು ಈ ತಿಂಗಳಲ್ಲಿ ಕೊಡುವರು. ಫಿತ್ರಾ ಎಂಬುದು ಬೇರೆ. ಮನೆಯ ಯಜಮಾನನು ತನ್ನ ಪಾಲನೆಯಲ್ಲಿರುವವರ ತಲೆಯೆಣಿಸಿ, ತೊಟ್ಟಿಲ ಕೂಸಿನ ಪಾಲನ್ನೂ ಸೇರಿಸಿ, ತಲೆಗಿಷ್ಟು ಧಾನ್ಯವನ್ನು ಬಡವರಿಗೆ ಕೊಡತಕ್ಕದ್ದು. ಅದೂ ಹಬ್ಬದ ನಮಾಜಿಗೆ ಮುಂಚೆಯೇ. ಕರಾವಳಿಯ ಶಾಫಿ ಪಂಥದವರು ಅಕ್ಕಿಯನ್ನೇ ಅಳೆದುಕೊಡುವರು. ಒಳನಾಡಿನ ಹನಫಿಗಳು ಗೋಧಿಯ ಲೆಕ್ಕ ಹಿಡಿದು ಬೆಲೆಯನ್ನು ಕೊಡುವುದುಂಟು. ನಮಾಜಿನ ನಂತರ ಕೊಟ್ಟುದು ಸಾಮಾನ್ಯ ದಾನವೇ ಹೊರತು ಫಿತ್ರಾ ಅಲ್ಲ. ಬಡವನ ಮಡಕೆಯಲ್ಲಿ ಅನ್ನ ಬೇಯಲು ಹೊತ್ತಿಟ್ಟುಕೊಟ್ಟ ಈ ವಿವೇಕವನ್ನು ನೋಡಿರಿ!

ಹಬ್ಬದ ಬೆಳಗ್ಗೆ ಏನಾದರೂ ತಿಂದೇ ನಮಾಜಿಗೆ ಹೊರಡುವರು; ಅಂದು ಉಪವಾಸವಿರುವುದೇ ನಿಷಿದ್ಧ. ಊರಂಚಿನಲ್ಲಿ ಮಾಡಿಲ್ಲದೆ ನಿಂತ ಒಂಟಿ ಗೋಡೆಯನ್ನು ಕಂಡು ಹಾಳುಗಟ್ಟಡವೆಂದು ತಿಳಿದವರುಂಟು. ಅದು ಈದ್ಗಾ, ಮೆಕ್ಕಾದ ದಿಕ್ಕನ್ನು ತೋರಿಸುವುದಷ್ಟೇ ಆ ಗೋಡೆಯ ಕೆಲಸ. ಊರಿನವರೆಲ್ಲ ಬಯಲಲ್ಲಿ ಒಟ್ಟಿಗೆ ನಮಾಜು ಮಾಡಿ, ಒಬ್ಬರನ್ನೊಬ್ಬರು ಆಲಿಂಗಿಸಿ, ಹೋದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಮರಳುವುದು ಪ್ರವಾದಿಗಳ ಮೇಲ್ಪಂಕ್ತಿ. ಮನೆಯಲ್ಲಿ ಹಾಲು, ಖರ್ಜೂರ, ಶಾವಿಗೆಗಳ ಶೀರ್ ಖುರ್ಮಾ ಕಾದಿರುವುದು. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ಸುರಕುಂಬಾ ಆಗಿದೆ. ಅದರಲ್ಲಿ ಮಾಂಸವಿಲ್ಲವಾದುದರಿಂದ ಸಸ್ಯಾಹಾರಿಗಳ ಮನೆಗೂ ಸಲ್ಲುವುದು.

ರಂಜಾನಿನ ಹಗಲಿನಲ್ಲಿ ಮುಸಲ್ಮಾನ ಹೆಂಗಸೊಬ್ಬಳು ನೀರು ಕುಡಿದುದನ್ನು ಕಂಡರೆ ‘ನಿಮಗೆ ಉಪವಾಸವಿಲ್ಲವೇ?’ ಎಂದು ಕೇಳುವುದು ಸರಿಯಲ್ಲ. ಮುಟ್ಟಿನ ದಿನಗಳಲ್ಲಿ ಉಪವಾಸವು ಸಲ್ಲದು. ಅವನ್ನು ಆಮೇಲೆ ಒಂದೊಂದಾಗಿ ತೀರಿಸಬೇಕು. ಇದಲ್ಲದೆ ಶವ್ವಾಲಿನಲ್ಲಿ ಆರು ದಿನ ಉಪವಾಸವಿರುವುದು ಪುಣ್ಯಕರವೆಂದು ಹಲವರು ಆಚರಿಸುವರು. ಆದಕಾರಣ ಹಬ್ಬ ಕಳೆದು ವಾರಗಳಾದ ಮೇಲೆ ಗೆಳತಿಯೊಬ್ಬಳು ನಮ್ಮ ಮನೆಗೆ ಬಂದು, ಕಾಫಿಯ ಲೋಟವನ್ನು ಮೆಲ್ಲನೆ ಆಚೆಗೆ ಸರಿಸಿದಳೆಂದರೆ, ಬಲವಂತ ಮಾಡದೆ ಅದನ್ನು ಒಳಗೆ ಒಯ್ದು, ಸಂಜೆಯವರೆಗೆ ಕುಳಿತಿರಲು ಕೇಳಬಹುದು.