ಬೀಡಿ ಬಿಡುವವನಿಗೆ ಜೊತೆಗಾರರು

ಬೀಡಿಯನ್ನು ಬಿಡುವೆನೆಂದು ಪ್ರತಿಜ್ಞೆ ಮಾಡಿದವರು ನಮ್ಮ ದೊಡ್ಡಬಳ್ಳಾಪುರದಲ್ಲಿ ಅನೇಕರಿದ್ದಾರೆ. ಮಗ್ಗ ನಿಲ್ಲಿಸಿ ಟೀ ಅಂಗಡಿಗೆ ಹೋದೊಡನೆ ಆ ಪ್ರತಿಜ್ಞೆ ಮುರಿಯುವುದೂ ಉಂಟು. ಇದು ಕೇವಲ ಮನೋದಾರ್ಢ್ಯದ ಕೊರತೆಯಲ್ಲ. ನಿಕೋಟಿನ್ನಿಗೆ ಒಗ್ಗಿದ ಮಿದುಳು, ಅದು ದೊರೆಯದ ಮೊದಲ ಎರಡು ಮೂರು ದಿನ ಬಹಳ ಚಡಪಡಿಸುತ್ತದೆ. ಸಿಡುಕು, ನಿದ್ರಾಭಂಗಗಳು ತೋರುತ್ತವೆ. ಕೆಲವು ವಾರಗಳಲ್ಲಿ ಇವು ಶಮನವಾಗುತ್ತವೆ. ಸೇದಬೇಕೆಂಬ ಚಪಲವಾದರೋ ಪ್ರತಿ ಸಲವೂ ಕೆಲವೇ ನಿಮಿಷಗಳದು. ಆ ನಿಮಿಷಗಳನ್ನು ದಾಟಿಸಲು ಜೊತೆಗೊಬ್ಬರು ಬೇಕು.

ಆದ್ದರಿಂದ ಬಿಡುವ ದಿನವನ್ನು ಗೊತ್ತುಮಾಡಿ, ಮನೆಯವರಿಗೂ ಗೆಳೆಯರಿಗೂ ಮೊದಲೇ ತಿಳಿಸಬೇಕು. ಗೆಳೆಯರು ಅವನೆದುರಿಗೆ ಸೇದದಿರಲಿ. "ಒಂದೇ ಒಂದು" ಎಂದು ನೀಡದಿರಲಿ. ಮನೆಯವರು ಸಿಡುಕನ್ನು ಸಹಿಸಲಿ. ಜಾರಿದರೆ ಹಂಗಿಸದೆ ಮತ್ತೆ ತೊಡಗಿಸಲಿ. ನಾನೂ ಎರಡು ಸಲ ಜಾರಿದವನೇ. ಮೂರನೆಯ ಸಲ ನನ್ನನ್ನು ಉಳಿಸಿದವರು, ದಿನವೂ ಸಂಜೆ ನನ್ನನ್ನು ಕರೆದುಕೊಂಡು ತಿರುಗಾಡಲು ಹೋಗುತ್ತಿದ್ದ ಲೆಕ್ಕದ ಮೇಷ್ಟರು.

ಅಂಥ ಜೊತೆಗಾರರು ಇಲ್ಲದವರಿಗೆ, ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗುವ 1800-11-2356 ಎಂಬ ಉಚಿತ ದೂರವಾಣಿಯುಂಟು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇದರ ಕೇಂದ್ರ ಆರಂಭವಾಯಿತು; ಕನ್ನಡದಲ್ಲಿಯೇ ಸಲಹೆ ಕೇಳಬಹುದು.