ಸೆಟಲ್ಮೆಂಟಿನ ಪುಸ್ತಕಗಳನ್ನು ತಡವಳದಲ್ಲಿ ಓದಬೇಕು

ಸೋಲಾಪುರದಲ್ಲಿ ರಿಕ್ಷಾದವನಿಗೆ ‘ಸೆಟಲ್ಮೆಂಟ್’ ಅಂದರೆ ಸಾಕು, ಬೇರೆ ಗುರುತು ಹೇಳಬೇಕಿಲ್ಲ. ತಡವಳದಿಂದ, ಅಕ್ಕಲಕೋಟದ ಸುತ್ತಲಿನ ಹಳ್ಳಿಗಳಿಂದ ದವಾಖಾನೆಗೆ, ಬಜಾರಕ್ಕೆ, ಕಾಲೇಜಿಗೆ ಹೋಗುವ ಕನ್ನಡದ ಜನ ಈ ಹೆಸರನ್ನು ಕೇಳಿಯೇ ಇರುತ್ತಾರೆ. ಒಂದು ಕಾಲಕ್ಕೆ ಅಲ್ಲಿ ತಂತಿಬೇಲಿ ಇತ್ತು. ಆ ಬೇಲಿಯೊಳಗೆ ಕೂಸುಗಳೂ ಮುದುಕಿಯರೂ ಇದ್ದರು. ಇಂಥ ಜಾತಿಯಲ್ಲಿ ಹುಟ್ಟಿದ್ದೇ ಅವರ ಅಪರಾಧವಾಗಿತ್ತು. ಈ ಮಾತನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. ಬಡಿಗನ ಮಗ ಬಡಿಗನಾಗುವ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಅದರ ಬೆನ್ನಿಗಿದ್ದ ತರ್ಕ. 1911ರಲ್ಲಿ ಕಾಯ್ದೆ ಇಡೀ ದೇಶಕ್ಕೆ ಹಬ್ಬಿತು, 1924ರಲ್ಲಿ ಮತ್ತೆ ಬಿಗಿಯಾಯಿತು. ಮುಂಬೈ ಪ್ರಾಂತದಲ್ಲಿ ಸೆಟಲ್ಮೆಂಟುಗಳು ಹೆಚ್ಚಾಗಿ ಎದ್ದಿದ್ದು ನಮ್ಮ ಸೀಮೆಯಲ್ಲೇ: ಬಿಜಾಪುರ, ಗದಗ, ಹುಬ್ಬಳ್ಳಿ, ಸೋಲಾಪುರ. ಹರಣಶಿಕಾರಿಗಳು ಎಂದು ಕನ್ನಡಿಗರು ಕರೆಯುವ ಪಾರಧಿಗಳು, ಕೈಕಾಡಿಗಳು, ಗಂಟಿಚೋರರು, ಟಕಾರಿಗಳು, ಕಂಜಾರಭಾಟರು, ಇನ್ನೂ ಎಷ್ಟೋ ಮಂದಿ ಒಳಗಾದರು. ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕು. ಪರವೂರಿಗೆ ಹೋಗಬೇಕಾದರೆ ಪಾಸು ಬೇಕು. ಬೆರಳಚ್ಚು ಸರ್ಕಾರದ ದಫ್ತರದಲ್ಲಿರುತ್ತದೆ. ಹಾಜರಿ ತಪ್ಪಿದರೆ ಅದೇ ಒಂದು ಗುನ್ಹೆ. ಮಕ್ಕಳನ್ನು ತಾಯಿತಂದೆಯರಿಂದ ಬಿಡಿಸಿ ಬೇರೆ ಶಾಲೆಯಲ್ಲಿಡುವ ಅಧಿಕಾರವೂ ಆ ಕಾಯ್ದೆಯಲ್ಲಿತ್ತು.

ಸೋಲಾಪುರದಲ್ಲಿ ಇದಕ್ಕೆ ಇನ್ನೊಂದು ಮುಖವಿತ್ತು. ಇಲ್ಲಿನ ಬಟ್ಟೆ ಗಿರಣಿಗಳಿಗೆ ಆಳು ಬೇಕಾಗಿತ್ತು. ಬೇಲಿಯೊಳಗಿನವರು ಗಿರಣಿಗೆ ಹೋಗಿ ದುಡಿದು ಮತ್ತೆ ಬೇಲಿಯೊಳಕ್ಕೇ ಬರುತ್ತಿದ್ದರು. ಬಿಟ್ಟು ಹೋಗಲಾರದ ಆಳು ಯಾವ ಮಾಲೀಕನಿಗೆ ಬೇಡ? ಸುಧಾರಣೆ ಎಂಬ ಹೆಸರಿನಲ್ಲಿ ಇದನ್ನು ನಡೆಸಿದವರಲ್ಲಿ ಮಿಷನರಿಗಳೂ ಇದ್ದರು. ಸೋಲಾಪುರದ ಸೆಟಲ್ಮೆಂಟನ್ನು ನೋಡಿಕೊಂಡದ್ದು ಅಮೆರಿಕನ್ ಮರಾಠಿ ಮಿಷನ್. ಅವರು ಶಾಲೆ ತೆರೆದರು, ಔಷಧ ಕೊಟ್ಟರು. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಬೇಲಿ ಬೇಲಿಯೇ.

ಆ ಮಿಷನರಿಗಳ ಸ್ವಂತ ದೇಶದಲ್ಲೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಂಥದ್ದೇ ನಡೆದಿತ್ತು. 1865ರಲ್ಲಿ ಅಮೆರಿಕದ ಸಂವಿಧಾನಕ್ಕೆ ಬಂದ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು, ಆದರೆ ಅಪರಾಧಕ್ಕೆ ಶಿಕ್ಷೆಯಾದವರನ್ನು ಹೊರಗಿಟ್ಟಿತು. ಕೂಡಲೇ ದಕ್ಷಿಣದ ರಾಜ್ಯಗಳು ಕೆಲಸವಿಲ್ಲದೆ ತಿರುಗುವುದನ್ನೇ ಅಪರಾಧ ಮಾಡಿದವು; ಕಪ್ಪು ಜನರನ್ನು ಹಿಡಿದು, ಕೈದಿಗಳೆಂದು ಹೊಲಕ್ಕೆ, ಗಣಿಗೆ ಬಾಡಿಗೆಗೆ ಕೊಟ್ಟವು. ಇಂದಿಗೂ ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಹದಿಮೂರರಷ್ಟಿರುವ ಕಪ್ಪು ಜನ ಜೈಲುಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲಿದ್ದಾರೆ. 2010ರಲ್ಲಿ ಮಿಶೆಲ್ ಅಲೆಕ್ಸಾಂಡರ್ ಇದನ್ನೆಲ್ಲ ‘ದ ನ್ಯೂ ಜಿಮ್ ಕ್ರೋ’ ಪುಸ್ತಕದಲ್ಲಿ ಬಿಡಿಸಿಟ್ಟಾಗ, ಅಲ್ಲಿನ ಎಷ್ಟೋ ಚರ್ಚುಗಳಲ್ಲಿ ಜನ ಗುಂಪು ಕಟ್ಟಿಕೊಂಡು ಅದನ್ನು ಓದಿದರು. ಒಬ್ಬರೇ ಕೋಣೆಯಲ್ಲಿ ಕುಳಿತು ಓದಿದರೆ ಮನಸ್ಸು ಮರುಗುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ನಾಲ್ಕು ಮಂದಿ ನಡುವೆ ಓದಿದರೆ ಯಾರಾದರೊಬ್ಬರು ‘ನನ್ನ ಮಗನಿಗೂ ಹೀಗೇ ಆಯಿತು’ ಎಂದು ಬಾಯಿ ತೆರೆಯುತ್ತಾರೆ. ನನಗೆ ಆ ಗಳಿಗೆ ಮುಖ್ಯ.

ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ಕಾಯ್ದೆಯನ್ನು ರದ್ದು ಮಾಡಿತು. ಈ ಸಮುದಾಯಗಳು ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತವೆ. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬೆನ್ನಿಗೇ ಬಂದವು, ಪೊಲೀಸರ ಸಂಶಯವೂ ಹೋಗಲಿಲ್ಲ. 1998ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಇಂಥದೇ ಸಮುದಾಯದ ಬುಧನ್ ಶಬರ್ ಬಂಧನದಲ್ಲಿ ಸತ್ತ. ಅದೇ ಜೂನ್‌ನಲ್ಲಿ ಬಾರಾಮತಿಯಲ್ಲಿ ಪಿನ್ಯಾ ಹರಿ ಕಾಳೆ ಎಂಬ ಪಾರಧಿ ಪೊಲೀಸರ ವಶದಲ್ಲಿ ಸತ್ತ. ಬಾರಾಮತಿ ನಮಗೇನು ದೂರವಲ್ಲ. ಆ ವರ್ಷವೇ ಸಾಹಿತಿಗಳಾದ ಮಹಾಶ್ವೇತಾ ದೇವಿ, ಗಣೇಶ ದೇವಿ, ಲಕ್ಷ್ಮಣ ಗಾಯಕವಾಡ ಸೇರಿ ವಿಮುಕ್ತರ ಹಕ್ಕಿಗಾಗಿ ಸಂಘಟನೆ ಕಟ್ಟಿದರು. ಅಹಮದಾಬಾದಿನ ವಿಮುಕ್ತರ ಕೇರಿ ಛಾರಾನಗರದಲ್ಲಿ ಒಂದು ಸಣ್ಣ ಗ್ರಂಥಾಲಯ ಶುರುವಾಯಿತು. ಅಲ್ಲಿ ಕೂಡಿದ ಹುಡುಗ ಹುಡುಗಿಯರು ಬುಧನ್‌ನ ಸಾವನ್ನೇ ನಾಟಕ ಮಾಡಿ ಆಡಿದರು. ಬುಧನ್ ಥಿಯೇಟರ್ ಹುಟ್ಟಿದ್ದು ಹಾಗೆ.

ತಡವಳದಂಥ ಊರಿಗೆ ಹೀಗೆ ಕೂಡಿ ಓದುವುದು ಬೇರೆ ಎಲ್ಲರಿಗಿಂತ ಹೆಚ್ಚು ದಕ್ಕೀತು ಎಂದು ನನ್ನ ನಂಬಿಕೆ. ಈ ಅನ್ಯಾಯವನ್ನು ಒಳಗಿನಿಂದ ಬರೆದ ದೊಡ್ಡ ಪುಸ್ತಕಗಳು ಮರಾಠಿಯಲ್ಲಿವೆ, ಮರಾಠಿ ಇಲ್ಲಿನ ಕನ್ನಡಿಗರಿಗೆ ಕಚೇರಿ, ಪೇಟೆಯ ಭಾಷೆಯಾಗಿ ಕೈವಶವಾಗಿದೆ. ಲಾತೂರ ಸೀಮೆಯ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ಗೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆಯವರ ‘ಉಪರಾ’ಕ್ಕೆ ಅದಕ್ಕೂ ಮೊದಲೇ ಬಂದಿತ್ತು. ಭೀಮರಾವ ಗಸ್ತಿಯವರಂತೂ ಬೆಳಗಾವಿ ಬಳಿಯ ಯಮನಾಪುರದವರು. ಕಳ್ಳತನವಾದಾಗಲೆಲ್ಲ ಬೇಡರ ಮನೆಗಳಿಗೇ ನುಗ್ಗುವ ಪೊಲೀಸರ ವಿರುದ್ಧ ಹೋರಾಡಿದವರು, ‘ಬೇರಡ್’ ಬರೆದವರು. ಕನ್ನಡದ ನೆಲದ ಈ ಬದುಕು ಮರಾಠಿಯಲ್ಲಿ ಅಚ್ಚಾಗಿದೆ. ಅದನ್ನು ಗಟ್ಟಿಯಾಗಿ ಓದುತ್ತ, ಕೂತವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು ನಮ್ಮ ಗಡಿಯವರಿಗೆ ಹೊಸ ವಿದ್ಯೆಯೇನಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ಊರು ಕೂತು ಕೇಳುವುದು ಮೊದಲಿಂದ ನಡೆದುಬಂದ ರೂಢಿ.

ಇದು ಹಳೆಯ ಕಥೆಯೆನ್ನುವವರಿಗೆ ಒಂದು ತೀರ್ಪನ್ನು ನೆನಪಿಸಬೇಕು. ಜೈಲುಗಳಲ್ಲಿ ಜಾತಿ ನೋಡಿ ಅಡುಗೆ, ಕಸಗುಡಿಸುವ ಕೆಲಸ ಹಂಚುವುದನ್ನು ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ಬಯಲಿಗೆ ತಂದು, ಮುಂದೆ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು ಅಂಥ ನಿಯಮಗಳನ್ನು ಹೊಡೆದುಹಾಕಿತು. ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಲು ಹೇಳಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಹಿಡಿಯಬಾರದೆಂದು ಪೊಲೀಸರಿಗೆ ಸೂಚಿಸಿತು. ಕಾಯ್ದೆ ಹೋಗಿ ಎಪ್ಪತ್ತು ವರ್ಷಗಳಾದ ಮೇಲೂ ಹೀಗೆ ಹೇಳಬೇಕಾಯಿತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣೆಯನ್ನೇ ಕಾಯುತ್ತಿದ್ದವರು. ಜಾಮೀನಿಗೆ ಹಣವಿಲ್ಲದವರು, ವಕೀಲರ ಮನೆಯ ದಾರಿ ಗೊತ್ತಿಲ್ಲದವರು ಅವರಲ್ಲಿ ಎಷ್ಟೋ ಜನ.

ಆದ್ದರಿಂದ ಬರುವ ಆಗಸ್ಟ್ 31ಕ್ಕೆ ತಡವಳದಲ್ಲಿ ಒಂದು ಸಂಜೆ ಕೂಡಬೇಕು ಎಂದು ಕೇಳುತ್ತೇನೆ. ಭಾಷಣ ಬೇಡ, ಹಾರ ತುರಾಯಿ ಬೇಡ. ‘ಉಚಲ್ಯಾ’ದ ಮೊದಲ ಹತ್ತು ಪುಟ ಸಾಕು. ಜಾಗ ಮಠವಾದರೂ ಸರಿ, ಶಾಲೆಯಾದರೂ ಸರಿ, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂರುವಂತಿರಬೇಕು. ಊರ ಹೊರಗೆ ಗುಡಿಸಲು ಹಾಕಿಕೊಂಡ ಪಾರಧಿ ಕುಟುಂಬಗಳಿದ್ದರೆ ಅವರ ಮನೆತನಕ ಹೋಗಿ ಕರೆಯಬೇಕು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಓದಲು ಮುಂದೆ ಬಂದರೆ, ಪುಸ್ತಕ ಅವಳ ಕೈಗೆ ಕೊಡಬೇಕು. ಪೊಲೀಸ್ ಪಾಟೀಲರಿಗೂ ಅದೇ ಜಮಖಾನೆ.