ತೊಟ್ಟಿಲು ಶಾಸ್ತ್ರಕ್ಕೆ, ಹಾಸಿಗೆ ನಿದ್ದೆಗೆ

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದ ಕಡೆ ಹೋಗುವ ರಸ್ತೆಯಲ್ಲಿದೆ ಸಂತೆಮರಹಳ್ಳಿ. ಇಲ್ಲಿನ ಮನೆಗಳಲ್ಲಿ ಮಗಳು ಹೆರಿಗೆಗೆ ತವರಿಗೆ ಬಂದಳೆಂದರೆ ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯುತ್ತದೆ. ದೂಳು ಕೊಡವಿ, ಅರಿಶಿನ ಕುಂಕುಮ ಹಚ್ಚಿ, ಹೆಸರಿಡುವ ದಿನ ಮಗುವನ್ನು ಅದರಲ್ಲಿ ಮಲಗಿಸಿ ತೂಗುತ್ತಾರೆ. ಈಚೆಗೆ ಬೆಂಗಳೂರಿನಲ್ಲಿರುವ ಅಳಿಯ ಮೊಬೈಲಿನಲ್ಲೇ ‘ಬೆಡ್‌ಸೈಡ್ ಕ್ರಿಬ್’ ತರಿಸುವುದೂ ಉಂಟು. ಅಮ್ಮನ ಮಂಚಕ್ಕೆ ತಾಗಿಸಿ ನಿಲ್ಲಿಸುವ, ಮೂರು ಕಡೆ ಬೇಲಿ ಇರುವ ಪುಟ್ಟ ಮಂಚ ಅದು. ಅಜ್ಜಿಗೆ ತೊಟ್ಟಿಲೇ ಆಗಬೇಕು, ಅಳಿಯನಿಗೆ ಕ್ರಿಬ್ಬೇ ಆಗಬೇಕು. ನಡುರಾತ್ರಿ ಅಳು ನಿಲ್ಲದಿದ್ದಾಗ ಇಬ್ಬರೂ ಸೇರಿ ಸೀರೆ ಜೋಲಿ ಕಟ್ಟುತ್ತಾರೆ.

ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ, ಹೆಸರನ್ನೂ ಬೆಲೆಯನ್ನೂ ಪಕ್ಕಕ್ಕಿಡಿ ಎನ್ನುತ್ತೇನೆ. ಮಗುವಿನ ಬೆನ್ನಿನ ಕೆಳಗೆ ಏನಿದೆ, ಮೂಗಿನ ಮುಂದೆ ಏನಿದೆ ಎಂಬುದನ್ನು ಮೊದಲು ನೋಡಬೇಕು.

ಹುಟ್ಟಿದ ಮಗುವಿನ ಮೈಯುದ್ದದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ತಲೆಯೇ. ಕತ್ತಿಗೆ ಅದನ್ನು ಹೊರುವ ಬಲ ಬಂದಿರುವುದಿಲ್ಲ. ಬಾಯಿಗೆ ಹೋಲಿಸಿದರೆ ನಾಲಗೆ ದೊಡ್ಡದು, ಉಸಿರಾಟ ಬಹುಪಾಲು ಮೂಗಿನಲ್ಲೇ, ಶ್ವಾಸನಾಳದ ಅಗಲ ಕೆಲವೇ ಮಿಲಿಮೀಟರು. ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತಿದರೆ ಆ ದಾರಿ ಮಡಿಚಿಕೊಳ್ಳುತ್ತದೆ. ನಾವಾದರೆ ನಿದ್ದೆಯಲ್ಲೇ ತಲೆ ಸರಿಮಾಡಿಕೊಳ್ಳುತ್ತೇವೆ. ಎರಡು ತಿಂಗಳ ಕೂಸಿಗೆ ಅದು ಆಗುವುದಿಲ್ಲ, ಅಳಲು ಬೇಕಾದ ಗಾಳಿಯೂ ಸಿಗದಿರಬಹುದು. ಅದಕ್ಕೇ ಇಂಥ ಸಾವುಗಳಲ್ಲಿ ಸದ್ದೇ ಇರುವುದಿಲ್ಲ.

ದೊಡ್ಡ ಕಂಪನಿಯ ಮಾಲು ಎಂದ ಮಾತ್ರಕ್ಕೆ ಈ ಭಯ ತಪ್ಪುವುದಿಲ್ಲ. ಅಮೆರಿಕದ ಫಿಶರ್-ಪ್ರೈಸ್ ಕಂಪನಿ 2009ರಲ್ಲಿ ‘ರಾಕ್ ಎನ್ ಪ್ಲೇ’ ಎಂಬ ಒರಗು ತೊಟ್ಟಿಲನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಮಗು ಅರೆ ಕೂತಂತೆ ಒರಗಿ ಮಲಗುತ್ತಿತ್ತು, ತಂದೆತಾಯಿಗೂ ನಿದ್ದೆ ಸಿಗುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಅಷ್ಟರಲ್ಲಿ 30ಕ್ಕೂ ಹೆಚ್ಚು ಕೂಸುಗಳು ಅದರಲ್ಲಿ ಸತ್ತಿದ್ದವು. ಆಮೇಲೆ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಕೂಸು ಮಲಗುವ ಜಾಗದ ಇಳಿಜಾರು 10 ಡಿಗ್ರಿ ಮೀರಬಾರದು ಎಂದು ನಿಯಮ ಮಾಡಿತು. 60 ಸೆಂ.ಮೀ. ಉದ್ದದ ಹಾಸಿಗೆಯಲ್ಲಿ ತಲೆಯ ಕಡೆ 10 ಸೆಂ.ಮೀ. ಎತ್ತರವಾದರೆ ಆ ಮಿತಿ ಹತ್ತಿರವಾಯಿತು ಎಂದು ತಿಳಿಯಿರಿ. 2022ರಲ್ಲಿ ಬಂದ ಕಾಯಿದೆ ಒರಗು ತೊಟ್ಟಿಲನ್ನೂ ಬೇಲಿಗೆ ಕಟ್ಟುವ ಮೆತ್ತೆಯನ್ನೂ ನಿಷೇಧಿಸಿತು.

ಇದೇ ಕಣ್ಣಿನಲ್ಲಿ ಸೀರೆ ಜೋಲಿ ನೋಡಿ. ತೊಲೆಗೆ ಇಳಿಬಿಟ್ಟ ಹಳೆಯ ಹತ್ತಿ ಸೀರೆಯಲ್ಲಿ ಮಗು ಮಲಗಿದೆ. ಬೆನ್ನು ಬಿಲ್ಲಿನಂತೆ ಬಾಗಿದೆ, ಮೊಣಕಾಲು ಹೊಟ್ಟೆಯ ಕಡೆ ಬಂದಿದೆ, ಗಲ್ಲ ಎದೆಗೆ ತಾಗಿದೆ. ಎರಡೂ ಕಡೆಯ ಬಟ್ಟೆ ಮುಖದ ಮೇಲೆ ಕೂಡಿಕೊಂಡಿದೆ. ನೊಣ ಕೂರದಿರಲೆಂದು ಯಾರೋ ಸೆರಗನ್ನು ಪೂರ್ತಿ ಮುಚ್ಚಿದ್ದಾರೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ತೂಗುವ ಗಂಟೊಂದೇ. ಇದರಲ್ಲಿ ಮಗು ಬೇಗ ನಿದ್ದೆ ಹೋಗುವುದು ನಿಜ, ತೂಗಿದಾಗ ಒಳಕಿವಿಯ ಸಮತೋಲನದ ಅಂಗ ನಿದ್ದೆಗೆ ನೆರವಾಗುತ್ತದೆ. ಅಜ್ಜಿಯೊಬ್ಬರು ಪಕ್ಕದಲ್ಲೇ ಕೂತು ಮುಖ ನೋಡುತ್ತ ತೂಗಿ ಸಮಾಧಾನ ಮಾಡಿದರೆ ಯಾರ ತಕರಾರೂ ಇಲ್ಲ. ನಿದ್ದೆ ಹತ್ತಿದ ಮೇಲೆ ಅದರಲ್ಲೇ ಬಿಟ್ಟು ಹಿಟ್ಟಿನ ಗಿರಣಿಗೆ ಹೋಗಿಬರುವ ಅಭ್ಯಾಸವೇ ತೊಂದರೆ. ಬೆಳೆದ ಮಕ್ಕಳಿಗೂ ಜೋಲಿ ಸಲ್ಲದು. ಖಾಲಿ ಜೋಲಿಯಲ್ಲಿ ಸುತ್ತಿಕೊಂಡು ಆಡುವಾಗ ಕತ್ತಿಗೆ ಬಿಗಿದು ಸತ್ತ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ಮಗುವನ್ನು ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೇರುತ್ತದೆ ಎಂದು ಹಿರಿಯರು ಹೆದರುತ್ತಾರೆ. ಶರೀರದ ರಚನೆ ಹೇಳುವುದು ಬೇರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗೆ. ಉಕ್ಕಿ ಬಂದ ಹಾಲು ಮೇಲಕ್ಕೆ ಹತ್ತಿ ಗಾಳಿಯ ದಾರಿಗೆ ನುಗ್ಗುವುದು ಕಷ್ಟ. ಬೋರಲು ಮಲಗಿಸಿದರೆ ಈ ಜೋಡಣೆ ತಿರುಗುಮುರುಗಾಗುತ್ತದೆ. ಅಲ್ಲದೆ ಮೂಗು ಹಾಸಿಗೆಗೆ ತಾಗಿ, ತಾನೇ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಮಗು ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಮಗ್ಗುಲಾಗಿ ಮಲಗಿಸುವುದೂ ಭದ್ರವಲ್ಲ, ಅಲ್ಲಿಂದ ಬೋರಲಾಗುವುದು ಸುಲಭ. 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡ್, ಬ್ರಿಟನ್, ಅಮೆರಿಕಗಳು ಅಂಗಾತ ಮಲಗಿಸಿ ಎಂಬ ಪ್ರಚಾರಕ್ಕಿಳಿದವು. ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಕೂಸುಗಳ ಪ್ರಮಾಣ ಒಂದು ದಶಕದೊಳಗೆ ಸುಮಾರು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯಿತು. ಹೊಸ ಔಷಧಿ ಯಾವುದೂ ಬಂದಿರಲಿಲ್ಲ.

ತಲೆ ಗುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿಂಬು ಬೇಡ. ಮಗು ಎಚ್ಚರವಿದ್ದಾಗ, ನೀವು ಎದುರಿಗಿದ್ದಾಗ, ಆಗಾಗ ಬೋರಲು ಮಲಗಿಸಿ ಆಡಿಸಿದರೆ ತಲೆಯೂ ಚಪ್ಪಟೆಯಾಗದು, ಕತ್ತೂ ಗಟ್ಟಿಯಾಗುತ್ತದೆ.

ಕ್ರಿಬ್ ಕೊಳ್ಳುವುದೇ ಆದರೆ ಹಾಸಿಗೆಯನ್ನು ಅಂಗೈಯಿಂದ ಒತ್ತಿ ಬಿಡಿ, ಕೈ ಕುಳಿ ಉಳಿಯಬಾರದು. ದಪ್ಪ ಮೆತ್ತನೆ ಹಾಸಿಗೆ ಅಂಗಡಿಯಲ್ಲಿ ಚೆಂದ, ಕೂಸಿನ ಮೂಗಿಗೆ ಅಲ್ಲ. ಹಾಸಿಗೆಗೂ ಬೇಲಿಗೂ ನಡುವೆ ಎರಡು ಬೆರಳು ತೂರಿದರೆ ಅದು ಅಳತೆಗೆ ಸರಿಯಾದ ಹಾಸಿಗೆಯಲ್ಲ. ಬೇಲಿಯ ಕಂಬಿಗಳ ಸಂದು 6 ಸೆಂ.ಮೀ. ಮೀರಬಾರದು. ಮೀರಿದರೆ ಮಗುವಿನ ಮೈ ಜಾರಿ ಹೊರಬರುತ್ತದೆ, ತಲೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅಳೆಯಲು ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು ಸಾಕು. ಪಕ್ಕದ ಮಂಚಕ್ಕೆ ಅಂಟಿಸುವ ಬಗೆಯದಾದರೆ ಎರಡೂ ಹಾಸಿಗೆ ಒಂದೇ ಮಟ್ಟದಲ್ಲಿದ್ದು ಪಟ್ಟಿಯಿಂದ ಬಿಗಿಯಾಗಿರಬೇಕು. ನಮ್ಮ ಹತ್ತಿ ಹಾಸಿಗೆ ಅಮ್ಮ ಮಲಗಿದೊಡನೆ ಒಂದಿಷ್ಟು ತಗ್ಗುತ್ತದಲ್ಲ, ಅಮ್ಮ ಮಲಗಿದ ಮೇಲೆಯೇ ಸಂದು ನೋಡಬೇಕು.

ಅಟ್ಟದ ತೊಟ್ಟಿಲಿಗೂ ಇದೇ ಅಳತೆ. ಅದರ ಬಣ್ಣವನ್ನು ಇನ್ನೂ ಅನುಮಾನದಿಂದ ನೋಡಿ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಎನಾಮಲ್ ಚಕ್ಕೆ ಏಳುತ್ತಿದ್ದರೆ, ಹಲ್ಲು ಬರುವ ಮಗು ಕಚ್ಚುವುದು ಅದನ್ನೇ. ಚನ್ನಪಟ್ಟಣ, ಕಲಘಟಗಿಯ ಸಾಂಪ್ರದಾಯಿಕ ತೊಟ್ಟಿಲುಗಳದು ಅರಗಿನ ಬಣ್ಣ, ಆ ಮಾತೇ ಬೇರೆ.

ಮಂಚವೇ ಇಲ್ಲದ ಮನೆಯಲ್ಲಿ? ನೆಲದ ಮೇಲೆ ಅಮ್ಮನ ಪಕ್ಕದಲ್ಲಿ, ಬೇರೆಯದೇ ಒಂದು ತೆಳು ಗಟ್ಟಿ ಹಾಸಿಗೆ ಸಾಕು. ಮಗು ಬಿದ್ದೀತೆಂಬ ಭಯವೂ ಇಲ್ಲ. ಮಗು ಒಂದೇ ಹಾಸಿಗೆಯಲ್ಲಿ ಅಮ್ಮನ ಮಗ್ಗುಲಲ್ಲಿ ಮಲಗುವುದು ನಮ್ಮಲ್ಲಿ ಸಹಜ, ಹಾಲೂಡಿಸುವುದಕ್ಕೂ ಅನುಕೂಲ. ಆದರೆ ಪಕ್ಕದಲ್ಲಿರುವವರು ಬೀಡಿ ಸಿಗರೇಟು ಸೇದುವವರು, ಕುಡಿದವರು, ನಿದ್ದೆ ಬರಿಸುವ ಮಾತ್ರೆ ನುಂಗಿದವರಾಗಿದ್ದರೆ, ಅಥವಾ ಮಗು ತಿಂಗಳು ತುಂಬದೆ ಹುಟ್ಟಿದ್ದರೆ ಅದು ಅಪಾಯ. ಸೋಫಾದಲ್ಲಿ ಮಗುವನ್ನು ಎದೆಗೊರಗಿಸಿಕೊಂಡು ನಿದ್ದೆಹೋಗುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಬಾಣಂತಿ ಕೋಣೆ. ಈ ಸೀಮೆಯ ರೇಷ್ಮೆ ಬೆಳೆಗಾರರಿಗೆ ಹುಳುಮನೆಯ ಶಿಸ್ತು ಗೊತ್ತು. ಶಾಖ 24ರಿಂದ 28 ಡಿಗ್ರಿಯ ಒಳಗಿರಬೇಕು, ಗಾಳಿಯಾಡಬೇಕು, ಹೊಗೆ ಸುಳಿಯಬಾರದು, ತಂಬಾಕಿನ ಸೋಂಕು ಬೀಳಬಾರದು. ಹುಳುವಿಗೆ ಇಷ್ಟೆಲ್ಲ ಮಾಡುವ ಮನೆಯಲ್ಲೇ ಕೂಸಿನ ಕೋಣೆಯ ಕಿಟಕಿ ಮುಚ್ಚಿ, ಮಂಚದಡಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ ಹಾಕಿ, ಮೂಲೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತಾರೆ. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸೊಳ್ಳೆಗೆ ಪರದೆಯೇ ಸರಿ, ಮುಖದ ಮೇಲೆ ಬೀಳದಂತೆ ಬಿಗಿಯಾಗಿರಲಿ.

ಕುಲಾವಿ, ಸ್ವೆಟರ್, ಮೇಲೊಂದು ಕಂಬಳಿ ಎಂದು ಬೇಸಿಗೆಯಲ್ಲೂ ಹೊದೆಸಿದರೆ ಮಗುವಿನ ಮೈ ಕಾದುಹೋಗುತ್ತದೆ, ಅತಿ ಶಾಖವೂ ನಿದ್ದೆಯ ಸಾವಿಗೆ ಒಂದು ಕಾರಣ. ಹಾಗೆಂದು ಚಳಿಗೆ ಬಿಡುವಂತೆಯೂ ಇಲ್ಲ. ಹೊಟ್ಟೆ, ಅಂಗಾಲು ಎರಡೂ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಚಳಿ ತಾಗುತ್ತಿದೆ. ಎರಡೂ ತಣ್ಣಗಿದ್ದರೆ ಎದೆಗವಚಿಕೊಂಡು ಆಸ್ಪತ್ರೆಗೆ ಹೊರಡಬೇಕು.

ನಮ್ಮ ದೇಶದಲ್ಲಿ ನವಜಾತ ಶಿಶುಗಳ ಸಾವಿಗೆ ದೊಡ್ಡ ಕಾರಣ ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ಉಸಿರುಗಟ್ಟುವುದು, ಸೋಂಕು. ತೊಟ್ಟಿಲ ಅಪಾಯ ಅವುಗಳ ಮುಂದೆ ಚಿಕ್ಕದು. ತೂಕ ತೀರ ಕಡಿಮೆ ಇರುವ ಕೂಸಿಗೆ ಅಮ್ಮನ ಎದೆಯೇ ಹಾಸಿಗೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1ರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಮೈಗೆ ಮೈ ತಾಗಿಸಿ ಇಟ್ಟಾಗ ಸಾವು ಶೇ. 25ರಷ್ಟು ತಗ್ಗಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ತೂಕ ನೋಡಿದ ಮೇಲೆ ಮಗು ಮಲಗುವ ಜಾಗವನ್ನೂ ಅವರಿಗೆ ತೋರಿಸಿ.

ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ನಿದ್ದೆಯ ಸಾವು ಹೆಚ್ಚಿತ್ತು, ಮಗುವನ್ನು ಬೇರೆ ಮಲಗಿಸಿ ಎಂದರೆ ಅವರು ಒಪ್ಪುತ್ತಿರಲಿಲ್ಲ. ಡಾ. ಡೇವಿಡ್ ಟಿಪೆನೆ-ಲೀಚ್ ಮತ್ತು ಅಲ್ಲಿನ ಹೆಣೆಗಾರರು ನಾರಿನಲ್ಲಿ ಹೆಣೆದ ಚಪ್ಪಟೆ ತಳದ ಪುಟ್ಟ ಬುಟ್ಟಿಯನ್ನು ಬಳಕೆಗೆ ತಂದರು. ಹೆಸರು ವಹಾಕುರಾ. ಅದನ್ನು ಅಪ್ಪ ಅಮ್ಮನ ಹಾಸಿಗೆಯ ಮೇಲೆಯೇ ಇಡುತ್ತಾರೆ. 2017ರ ಅಧ್ಯಯನವೊಂದರಲ್ಲಿ ಅದು ಬೇರೆ ತೊಟ್ಟಿಲಿಗಿಂತ ಅಪಾಯವೆಂದು ಕಾಣಲಿಲ್ಲ, ಆರು ತಿಂಗಳಿಗೂ ಎದೆಹಾಲನ್ನೇ ಕುಡಿಯುತ್ತಿದ್ದ ಮಕ್ಕಳು ಆ ಗುಂಪಿನಲ್ಲಿ ಹೆಚ್ಚಿದ್ದರು. ಕೂಸನ್ನು ಮೊರದಲ್ಲಿ ಮಲಗಿಸುವ ಶಾಸ್ತ್ರ ನಮ್ಮಲ್ಲೂ ಇದೆ, ಬಿದಿರು ಹೆಣೆಯುವ ಮೇದರೂ ಇದ್ದಾರೆ. ಮಕ್ಕಳ ವೈದ್ಯರೂ ಮೇದರೂ ಒಮ್ಮೆ ಒಟ್ಟಿಗೆ ಕೂರಬಾರದೇಕೆ?

ಬೆಡ್‌ಸೈಡ್ ಕ್ರಿಬ್ಬಿಗೂ ಹಗುರ ತೊಟ್ಟಿಲಿಗೂ ಆಯಸ್ಸು ಹೆಚ್ಚಿಲ್ಲ. ಮಗು ಬೋರಲಾಗಲು ಹವಣಿಸಿದ ದಿನದಿಂದ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದನ್ನು ನಿಲ್ಲಿಸಬೇಕು. ಸುಮಾರು ಐದು ತಿಂಗಳಿಗೆ ಕೈಯೂರಿ ಏಳಲು ನೋಡಿದಾಗ ಎತ್ತರದ ಬೇಲಿಯ ಮಂಚಕ್ಕೋ ನೆಲದ ಹಾಸಿಗೆಗೋ ಬದಲಾಯಿಸಬೇಕು. ಎರಡು ಸಾವಿರಕ್ಕೋ ಹತ್ತು ಸಾವಿರಕ್ಕೋ ಕೊಂಡದ್ದು ಅಷ್ಟೇ ದಿನಕ್ಕೆ.